ನೇರ ಬರುವವರನ್ನು ತಡೆದ ಗೋಡೆ

ಚೀನಾ ದೇಶದಲ್ಲಿ ಒಬ್ಬ ಚಕ್ರವರ್ತಿ ಇದ್ದನಂತೆ. ಯಾವ ಕಾಲ, ಯಾವ ವಂಶ ಅಂತ ಕೇಳಬೇಡಿ. ದೃಷ್ಟಾಂತಕ್ಕೆ ಹೇಳ್ತಾ ಇದ್ದೀನಿ, ಇತಿಹಾಸದ ಪುಸ್ತಕದಲ್ಲಿ ಹುಡುಕೋಕೆ ಹೋಗಬೇಡಿ. ಅವನಿಗೆ ಸಿಂಹಾಸನ ಸಿಕ್ಕಿತು, ಸಿಂಹಾಸನದ ಜೊತೆಗೇ ಭಯವೂ ಸಿಕ್ಕಿತು. ನಮಗೆ ವಾಸ್ತು ಇರೋ ಹಾಗೆ ಅವರಿಗೆ ಫೆಂಗ್ ಶುಯಿ. ಗಾಳಿ, ನೀರು ಅಂತ ಅದರ ಅರ್ಥ. ದಿಕ್ಕು ನೋಡುವ ಪಂಡಿತನನ್ನ ಕರೆಸಿದ, ಹೊಸ ಅರಮನೆ ಕಟ್ಟಿಸಿದ.

ಎಂಥ ಅರಮನೆ ಅಂತೀರಿ! ಬೆನ್ನಿಗೆ ಗುಡ್ಡ ಇರಬೇಕು ಅಂದ ಪಂಡಿತ. ಅಲ್ಲಿ ಗುಡ್ಡವೇ ಇರಲಿಲ್ಲ. ಕಂದಕ ತೋಡಿದ ಮಣ್ಣನ್ನೆಲ್ಲ ಹಿಂದೆ ಸುರಿಸಿ ಗುಡ್ಡ ಮಾಡಿಸಿದ. ಮುಂದೆ ನೀರು ಹರೀಬೇಕು ಅಂದ. ಕಾಲುವೆ ತೆಗೆಸಿ, ಬಿಲ್ಲಿನ ಹಾಗೆ ಬಾಗಿಸಿ ಹರಿಸಿದ. ಸಿಂಹಾಸನ ದಕ್ಷಿಣಕ್ಕೇ ಮುಖ ಮಾಡಿರಬೇಕು ಅಂದ. ನೋಡಿ, ನಮ್ಮಲ್ಲಿ ದಕ್ಷಿಣದ ಬಾಗಿಲು ಅಂದರೆ ಯಮನ ದಿಕ್ಕು ಅಂತ ಬಾಡಿಗೆಗೂ ಯಾರೂ ಬರಲ್ಲ. ಅಲ್ಲಿ ಅದು ರಾಜನ ದಿಕ್ಕು! ಇರಲಿ, ಆ ಜಗಳ ನಮಗೆ ಬೇಡ.

ಕೊನೆಗೆ ಪಂಡಿತ ಹೇಳಿದ, "ಪ್ರಭು, ಹೆಬ್ಬಾಗಿಲ ಒಳಗೆ ಒಂದು ಅಡ್ಡಗೋಡೆ ಬೇಕು. ಕೆಟ್ಟ ಶಕ್ತಿಗಳು ನೇರವಾಗಿ ನುಗ್ಗಿ ಬರ್ತವೆ. ಅವಕ್ಕೆ ತಿರುಗೋಕೆ ಬರಲ್ಲ. ಗೋಡೆಗೆ ಢಿಕ್ಕಿ ಹೊಡೆದು ಬಂದ ದಾರೀಲೇ ವಾಪಸ್ ಹೋಗ್ತವೆ."

ನಗಬೇಡಿ. ಆ ದೇಶದ ನಂಬಿಕೆ ಅದು. ನಮ್ಮ ದೆವ್ವಗಳೇ ಸ್ವಲ್ಪ ಹುಷಾರು, ಸಂದಿಗೊಂದಿಯೆಲ್ಲ ತಿರುಗ್ತವೆ! ಸರಿ, ಗೋಡೆ ಎದ್ದಿತು. ಅದರ ಮೇಲೆಲ್ಲ ಬಣ್ಣಬಣ್ಣದ ಡ್ರ್ಯಾಗನ್‌ಗಳು. ಅದನ್ನ ನೋಡಿ ಚಕ್ರವರ್ತಿಗೆ ಎಷ್ಟೋ ದಿನದ ಮೇಲೆ ನೆಮ್ಮದಿಯ ಉಸಿರು ಬಂತು. ಇನ್ನು ಯಾವ ಕೇಡೂ ನನ್ನ ಹತ್ತಿರ ಸುಳಿಯೋದಿಲ್ಲ ಅಂದುಕೊಂಡ.

ಅವನಿಗೊಬ್ಬಳು ಅಕ್ಕ ಇದ್ದಳು. ಒಬ್ಬ ತಮ್ಮನೂ ಇದ್ದ, ದೂರದ ಗಡಿ ಕೋಟೆಯಲ್ಲಿ. ತಾಯಿ ಬೇಗ ತೀರಿಕೊಂಡಿದ್ದರಿಂದ ಇಬ್ಬರನ್ನೂ ಸಾಕಿದವಳು ಅಕ್ಕನೇ. ಅವಳದು ಕಡ್ಡಿ ಮುರಿದ ಹಾಗೆ ಮಾತು. ದಿನಾ ಬೆಳಿಗ್ಗೆ ಹೆಬ್ಬಾಗಿಲಿಂದ ನೆಟ್ಟಗೆ ನಡೆದು ಬಂದು, ಸಿಂಹಾಸನದ ಎದುರಿಗೆ ನಿಂತು, "ನಿನ್ನೆ ನೀನು ಮಾಡಿದ್ದು ತಪ್ಪು ಕಣೋ" ಅಂತ ಹೇಳಿ ಹೋಗುವಳು. ಅವನಿಗೆ ಮೈಯೆಲ್ಲ ಉರಿಯೋದು. ಆಮೇಲೆ ಮನಸ್ಸು ಹಗುರ ಆಗೋದು, ಅದೂ ನಿಜ.

ಗೋಡೆ ಎದ್ದ ಮೇಲೆ ಅಕ್ಕ ಬಂದಳು. ಕಾವಲಿನವರು, "ಅಮ್ಮಾವ್ರೇ, ಪಕ್ಕದಿಂದ ಬಳಸಿಕೊಂಡು ಬನ್ನಿ" ಅಂದರು. ಪಕ್ಕದ ಓಣಿಯಲ್ಲಿ ಆಸ್ಥಾನದವರು ಸಾಲಾಗಿ ನಿಂತಿದ್ದಾರೆ. ಯಾಕೆ ಬಂದಿರಿ? ಏನು ಹೇಳಬೇಕು? ನಮಗೆ ಹೇಳಿ, ನಾವು ಮುಟ್ಟಿಸ್ತೀವಿ. ಅಕ್ಕ, "ನನ್ನ ತಮ್ಮನ ಹತ್ರ ಮಾತಾಡೋಕೆ ನಾನು ಸುತ್ತಿ ಬಳಸಿ ಬರೋಳಲ್ಲ" ಅಂದವಳೇ ಹಿಂದಿರುಗಿ ಹೋದಳು.

ಅಕ್ಕ ಬರೋದು ನಿಂತಿತು. ಬೇರೆಯವರು ಬರೋದು ಹೆಚ್ಚಾಯ್ತು. ಮಂತ್ರಿ ಬಂದ. ಗೋಡೆಯ ಪಕ್ಕದಿಂದ ಮೆಲ್ಲಗೆ ಬಂದ. "ಪ್ರಭು, ನಾನು ಹೇಳಬಾರದು. ನಾನು ಹೇಳಿದೆ ಅಂತ ಎಲ್ಲೂ ಹೇಳಬೇಡಿ. ನಿಮ್ಮ ತಮ್ಮ ಇದಾರಲ್ಲ…" ಅಷ್ಟೇ. ಪೂರ್ತಿ ಹೇಳಲಿಲ್ಲ. ಚಾಡಿ ಹೇಳುವವರು ಯಾವತ್ತಾದರೂ ಪೂರ್ತಿ ಹೇಳ್ತಾರಾ? ಅರ್ಧ ಹೇಳಿ ಬಿಡ್ತಾರೆ, ಉಳಿದರ್ಧ ನಾವೇ ತುಂಬಿಕೊಳ್ತೀವಿ. ಮಾರನೇ ದಿನ ಸೇನಾಪತಿ ಬಂದ, ಅವನದೂ ಅದೇ ರಾಗ. ತಮ್ಮನಿಗೆ ಸಿಂಹಾಸನದ ಮೇಲೆ ಕಣ್ಣು ಅಂತ ಚಕ್ರವರ್ತಿಗೆ ಖಾತ್ರಿಯಾಗಿ ಹೋಯ್ತು. ತಮ್ಮನ ತಲೆ ತೆಗೆಯೋಕೆ ಆಜ್ಞೆ ಹೊರಟಿತು.

ನೋಡಿ, ಗುಡ್ಡ ಬೆನ್ನಿಗಿತ್ತು. ನೀರು ಮುಂದಿತ್ತು. ಮುಖ ದಕ್ಷಿಣಕ್ಕಿತ್ತು. ಎಲ್ಲ ಸರಿಯಾಗಿತ್ತು, ಒಡಹುಟ್ಟಿದವನ ತಲೆ ಮಾತ್ರ ಹೋಗೋದರಲ್ಲಿತ್ತು.

ಸುದ್ದಿ ಊರೆಲ್ಲ ಹರಡಿತು. ಬೆಳಗಾಗೋದೇ ತಡ, ಗೋಡೆಯ ಆಚೆಯಿಂದ ಒಂದು ಕೂಗು. ಅಕ್ಕನ ಕೂಗು. "ಏನೋ, ಅವನನ್ನ ಕೊಲ್ಲಿಸ್ತೀಯಾ? ಅವನನ್ನೇ ಕರೆದು ಒಂದು ಮಾತು ಕೇಳಿದೆಯೇನೋ?"

ಚಕ್ರವರ್ತಿ ಬೆಚ್ಚಿಬಿದ್ದ. ಕೇಳಿರಲಿಲ್ಲ. ತಮ್ಮನನ್ನ ಬಿಟ್ಟು ಮಿಕ್ಕವರನ್ನೆಲ್ಲ ಕೇಳಿದ್ದ. ಪಂಡಿತನ ಕಡೆ ತಿರುಗಿದ. "ಈ ಗೋಡೆ ಯಾರನ್ನ ತಡೆಯುತ್ತಯ್ಯಾ?"

"ನೇರ ಬರುವವರನ್ನ, ಪ್ರಭು."

"ಸುತ್ತಿ ಬಳಸಿ ಬರುವವರನ್ನ?"

ಪಂಡಿತ ತಲೆ ಕೆರೆದುಕೊಂಡ. "ಅವರಿಗೆ ಪಕ್ಕದಲ್ಲಿ ದಾರಿ ಇದೆಯಲ್ಲ, ಪ್ರಭು."

ಚಕ್ರವರ್ತಿಗೆ ಆಗ ಹೊಳೆಯಿತು. ಇಷ್ಟು ದಿನ ತನ್ನ ಕಿವಿಯ ಹತ್ತಿರ ಬಂದವರೆಲ್ಲ ಬಳಸಿ ಬಂದವರೇ! ಈಗ ಗೋಡೆ ಒಡೆಸ್ತಾನೆ ಅಂದುಕೊಂಡರು ಎಲ್ಲರೂ. ಒಡೆಸೋಕೆ ಹೊತ್ತೆಲ್ಲಿತ್ತು? ಸಿಂಹಾಸನದಿಂದ ಇಳಿದ, ಓಡಿದ. ಚಕ್ರವರ್ತಿ ಓಡ್ತಾನಾ? ಓಡಿದ! ಗೋಡೆಯನ್ನ ತಾನೇ ಬಳಸಿಕೊಂಡು ಹೋಗಿ, ಅಕ್ಕನ ಎದುರು ನಿಂತು, "ತಪ್ಪಾಯ್ತಕ್ಕ" ಅಂದ. ಅವಳು, "ಅದನ್ನ ಆಮೇಲೆ ಹೇಳುವಿಯಂತೆ, ಮೊದಲು ಆಜ್ಞೆ ವಾಪಸ್ ತರಿಸು" ಅಂದಳು. ಕುದುರೆಗಳು ಓಡಿದವು. ತಮ್ಮನ ತಲೆ ಉಳಿಯಿತು. ಅವನನ್ನ ಎದುರಿಗೆ ಕೂರಿಸಿ ಕೇಳಿದಾಗ ಗೊತ್ತಾಯ್ತು. ಅವನ ಹತ್ತಿರವೂ ಅದೇ ಮಂತ್ರಿ ಹೋಗಿ, "ನಿಮ್ಮಣ್ಣ ಇದಾರಲ್ಲ… ನಾನು ಹೇಳಿದೆ ಅಂತ ಹೇಳಬೇಡಿ" ಅಂದಿದ್ದ!

ಈಗ ನಿಮ್ಮ ಮನೆಗೆ ಬರೋಣ. ಅಡುಗೆಮನೆ ಆಗ್ನೇಯಕ್ಕೆ ಹಾಕಿಸಿದ್ದೀರಿ, ಸಂತೋಷ. ಟಿವಿ ಪಕ್ಕ ನಗುವ ಬುದ್ಧ ಕೂತಿದ್ದಾನೆ, ಗಾಜಿನ ಲೋಟದಲ್ಲಿ ಬಿದಿರು ಬೆಳೀತಿದೆ. ತೆಗೀರಿ ಅಂತ ನಾನು ಹೇಳಲ್ಲ. ನಾನು ಕೇಳೋದು ಇಷ್ಟೇ: ನಿಮಗೆ ಮುಖಕ್ಕೆ ಹೇಳುವವರು ನಿಮ್ಮ ಮನೆಯಲ್ಲಿ ಯಾರು ಉಳಿದಿದ್ದಾರೆ? ಹೆಂಡತಿ ನೇರವಾಗಿ ಹೇಳಿದರೆ, "ನಿಂಗೇನ್ ಗೊತ್ತು, ಸುಮ್ನಿರು." ಮಗಳು ಹೇಳಿದರೆ, "ಎದುರು ಮಾತಾಡ್ತಾಳೆ." ಪಕ್ಕದ ಮನೆಯವರು, "ನಾನು ಹೇಳಿದೆ ಅಂತ ಹೇಳಬೇಡಿ" ಅಂತ ಬಂದರೆ? ಕುರ್ಚಿ ಹಾಕಿ, ಕಾಫಿ ಕೊಟ್ಟು, "ಆಮೇಲೆ?" ಅಂತೀರಿ! ತಾಯಂದಿರೇ, ನೀವೂ ನಗಬೇಡಿ. ಓರಗಿತ್ತಿಯ ಸುದ್ದಿಯನ್ನ ನಾದಿನಿಯ ಬಾಯಲ್ಲಿ ಕೇಳೋರು ಯಾರು?

ನಾಳೆಯಿಂದ ಹೀಗೆ ಮಾಡಿ. ಯಾರಾದರೂ ಆ ಮಾತು ಶುರು ಮಾಡಿದ ಕೂಡಲೇ, "ತಡೀರಿ, ಅವರನ್ನೇ ಕರೀತೀನಿ, ಎದುರಿಗೇ ಹೇಳಿ" ಅನ್ನಿ. ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೋಗ್ತಾರೆ, ನೋಡ್ತಿರಿ. ಇನ್ನು, ಮುಖಕ್ಕೆ ಹೇಳಿದರು ಅನ್ನೋ ಒಂದೇ ಕಾರಣಕ್ಕೆ ಯಾರ ಜೊತೆ ಮಾತು ಬಿಟ್ಟಿದ್ದೀರೋ, ಅವರೇ ಬರಲಿ ಅಂತ ಕಾಯಬೇಡಿ. ಅಕ್ಕನೋ, ಅಣ್ಣನೋ, ಹಳೆಯ ಸ್ನೇಹಿತನೋ, ಅವರ ನಂಬರು ನಿಮ್ಮ ಮೊಬೈಲಿನಲ್ಲಿ ಬ್ಲಾಕ್ ಆಗಿ ಕೂತಿದೆ. ನನಗೆ ಗೊತ್ತಿಲ್ಲ ಅಂದುಕೊಂಡಿರಾ? ಪ್ರವಚನದ ಮಧ್ಯೆ ಯಾರಾದರೂ ಫೋನ್ ತೆಗೆದರೆ ನನಗೆ ಕೆಟ್ಟ ಕೋಪ ಬರುತ್ತೆ. ಇವತ್ತು ಕೋಪ ಮಾಡಲ್ಲ. ತೆಗೀರಿ. ಆ ನಂಬರು ಹುಡುಕಿ. ಹೊರಗೆ ಹೋಗಿ ಮಾತಾಡಿಕೊಂಡು ಬನ್ನಿ, ನಾನು ಕಾಯ್ತೀನಿ.