ತಟ್ಟಿದರೆ ಬೀಳಬೇಕು

ದಾರದ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅಜ್ಜಿ, ಮೊಮ್ಮಗಳು, ಮತ್ತು ಅಜ್ಜಿಯ ಕಾಲದ ಮರದ ಬಿಲ್ಲು. ನಾಳೆ ಮೊಮ್ಮಗಳ ಮೊದಲ ಪಂದ್ಯವಂತೆ.

“ಅಜ್ಜೀ, ಹೊಸ ಥರದ ಹೆದೆ ಹಾಕೋಣ. ಒಂಚೂರೂ ಹಿಗ್ಗಲ್ಲ, ಬಾಣ ಗಾಳಿ ಥರ ಹೋಗುತ್ತೆ.”

“ಬಾಣದ ಜೊತೆ ಬಿಲ್ಲೂ ಹೋಗುತ್ತೆ! ಹಳೇ ಮರ ಕಣೇ. ಹೆದೆ ಹಿಗ್ಗಿದ್ರೇನೇ ಪೆಟ್ಟು ತಡ್ಕೊಳ್ಳೋದು.”

“ಹಳೇದೇ ಇರ್ಲಿ ಬಿಡು. ಆದ್ರೆ ಹೆದೆ ನಡುವೆ ದಾರ ಸುತ್ತಿದೀನಲ್ಲ, ಅಲ್ಲಿ ಬಾಣದ ಸೀಳು ಕೂರ್ತಾನೇ ಇಲ್ಲ.”

“ಎಷ್ಟು ಪದರ ಸುತ್ತಿದೀಯ?”

“ಗಟ್ಟಿ ಇರ್ಲಿ ಅಂತ ಮೂರು.”

“ಇದು ಹೆದೆನೋ ಹೆಬ್ಬಾವೋ? ಬಿಚ್ಚು. ರೇಷ್ಮೆ ದಾರ ತಗೋ, ಒಂದೇ ಪದರ ಸಾಕು.”

ಅಜ್ಜಿ ಅಂಗಡಿಯ ಸ್ಟೂಲಿನಲ್ಲೇ ಕೂತು ಸುತ್ತಿ ಮುಗಿಸಿ, ಬಿಲ್ಲನ್ನು ಅಡ್ಡ ಹಿಡಿದರು. ಮೊಮ್ಮಗಳು ಬಾಣದ ಹಿಂತುದಿಯನ್ನು ಹೆದೆಗೆ ಸಿಕ್ಕಿಸಿ ಕೈಬಿಟ್ಟಳು. ಬಾಣ ನೇತಾಡಿತು.

“ಈಗ ಹೆದೆ ತಟ್ಟು. ಬಿದ್ರೆ ಹಿಡಿತ ಸರಿಯಾಗಿದೆ ಅಂತ. ತೀರಾ ಬಿಗಿಯಾದ್ರೆ ಬಾಣ ಹೆದೆ ಬಿಟ್ಟು ಸಲೀಸಾಗಿ ಹೋಗಲ್ಲ.”

ಬಾಣ ಟಪ್ಪನೆ ನನ್ನ ಚಪ್ಪಲಿಯ ಪಕ್ಕ ಬಿತ್ತು.

“ಬಿತ್ತು! ಅಜ್ಜೀ, ಬಿತ್ತು!”

“ನೆಲಕ್ಕೆ ಬಿದ್ದಿದ್ದಕ್ಕೇ ಈ ಕುಣಿತ. ನಾಳೆ ಗುರಿಗೆ ಬಿದ್ರೆ?”

“ನಿನ್ನನ್ನ ಎತ್ಕೊಂಡು ಕುಣೀತೀನಿ!”

“ಹಂಗಾದ್ರೆ ನಾಳೆ ತಿಂಡಿ ಕಮ್ಮಿ ತಿಂತೀನಿ, ನಡಿ.”

ಬಿಲ್ಲಿನ ಆ ತುದಿ ಒಬ್ಬರು, ಈ ತುದಿ ಒಬ್ಬರು ಹಿಡಿದು ಬಾಗಿಲು ದಾಟಿದರು.