ಲಾಗೌಟ್ ಆಗದ ಶ್ರಾವ್ಯಾ

ಯಾರಿಗೋ ಎಲ್ಲೋ ಆದದ್ದಲ್ಲ ಇದು. ನಮ್ಮ ಗದಿಗೆಪ್ಪ ಕಾಕಾನ ಮಗ ನವೀನನಿಗೆ, ಹೋದ ವರ್ಷ ಮಳೆಗಾಲದಲ್ಲಿ ಆದದ್ದು.

ಮುಂಬೈಯ ಆಂಟಾಪ್ ಹಿಲ್‌ನಲ್ಲಿ ಅವನ ಬಿಲ್ಡಿಂಗಿನ ಹಿಂದೆ ಒಂದು ಬಾವಿ ಇದೆ. ಮೇಲೆ ಕಬ್ಬಿಣದ ಜಾಳಿಗೆ, ಅದರ ತುಂಬ ಕೊಳೆತ ಹೂವು, ಪ್ಲಾಸ್ಟಿಕ್ ಚೀಲ, ಮೊಟ್ಟೆ ಸಿಪ್ಪೆ. ರಾತ್ರಿ ಹನ್ನೊಂದೂವರೆ. ನವೀನ ಮೂಗು ಮುಚ್ಚಿಕೊಂಡು ಅದನ್ನು ದಾಟುತ್ತಿದ್ದ. ಒಳಗಿನಿಂದ ಬುಳುಕ್... ಬುಳುಕ್... ಇಲಿ ಬಿದ್ದಿರಬೇಕು, ಥೂ, ಅಂದುಕೊಂಡ. ಅಷ್ಟರಲ್ಲಿ ಫೋನು ಬಡಕೊಂಡಿತು. ಮಾಲಕ ಕಾಶಿನಾಥ.

"ವಾಪಸ್ ಬಾ ಯಾರ್. ಯಾರೇ ಲಾಗಿನ್ ಮಾಡಲಿ, 'ಸ್ವಾಗತ ಶ್ರಾವ್ಯಾ' ಅಂತ ಬರ್ತಾ ಇದೆ."

"ಯಾವ ಶ್ರಾವ್ಯಾ ಸರ್?"

"ಯಾವಾಕಿ ಅಂದ್ರ... ಆ ಸತ್ತಾಕಿ."

ಕಾಶಿನಾಥನದು ಕುರ್ಲಾದಲ್ಲಿ ವಧು-ವರರ ವೆಬ್‌ಸೈಟಿನ ಧಂದೆ. ಅದರ ಕಂಪ್ಯೂಟರ್ ಕೆಲಸವೆಲ್ಲ ನವೀನನದು. ಬದುಕಿದ್ದವರು ಸಾಲದೆಂದು ಸತ್ತವರಿಗೂ ಒಂದು ವಿಭಾಗ ತೆರೆದಿದ್ದ. ನಗಬೇಡಿ. ಮಂಗಳೂರು, ಉಡುಪಿ ಕಡೆಯ ತುಳುವರಲ್ಲಿ ಪ್ರೇತ ಮದುವೆ ಅಂತ ಇದೆ. ಸಣ್ಣದರಲ್ಲೇ ತೀರಿಹೋದ ಮಕ್ಕಳು ಮದುವೆ ವಯಸ್ಸಿಗೆ ಬಂದರು ಅಂತ ಲೆಕ್ಕ ಹಿಡಿದು, ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಸತ್ತ ಹುಡುಗಿಗೆ ಸತ್ತ ಹುಡುಗನನ್ನೇ ಹುಡುಕಿ ಮದುವೆ ಮಾಡುತ್ತಾರೆ. ಹೆತ್ತವರ ಪ್ರೀತಿ ಅದು, ಅದಕ್ಕೆ ಹೆಸರಿಡುವವನು ನಾನಲ್ಲ. ಅಸಹ್ಯ ಆಗೋದು ಕಾಶಿನಾಥನ ಬುದ್ಧಿ ನೋಡಿ. ಸತ್ತ ಕೂಸಿನ ಅರ್ಜಿಯಲ್ಲೂ ಬಣ್ಣ ಕೇಳುತ್ತಿದ್ದ! ಬಿಳಿಯೋ, ಗೋಧಿಯೋ, ಕಪ್ಪೋ. ತುಂಬದಿದ್ದರೆ ಅರ್ಜಿ ಮುಂದೆ ಹೋಗುತ್ತಿರಲಿಲ್ಲ. ಛೀ!

ಶ್ರಾವ್ಯಾ ಸತ್ತದ್ದು ತೊಂಬತ್ತೊಂಬತ್ತರಲ್ಲಿ, ಆರು ವರ್ಷದ ಕೂಸು. ತಂದೆ ಪೂವಪ್ಪ ದಾದರಿನ ಹೋಟೆಲೊಂದರಲ್ಲಿ ನಲವತ್ತು ವರ್ಷ ದೋಸೆ ಹೊಯ್ದವರು. ಎರಡನೇ ಮಗಳು ಯಕ್ಷಿತಾಳಿಗೆ ಬಂದ ಸಂಬಂಧವೆಲ್ಲ ಮುರಿದು ಬೀಳುತ್ತಿತ್ತು. ಅಕ್ಕನದು ಮೊದಲು ಆಗಬೇಕು ಅಂತ ಊರಲ್ಲಿ ನಿಮಿತ್ತ ನೋಡಿದವರು ಹೇಳಿದ್ದರು. ಪೂವಪ್ಪ ಮಗಳ ಒಂದೇ ಒಂದು ಫೋಟೋವನ್ನು ಕರವಸ್ತ್ರದಲ್ಲಿ ಸುತ್ತಿ ತಂದು ಕೊಟ್ಟಿದ್ದರು. "ಆರು ವರ್ಷದ ಕೂಸನ್ನ ಯಾರು ಕ್ಲಿಕ್ ಮಾಡ್ತಾರೆ?" ಅಂದ ಕಾಶಿನಾಥ. ಕಂಪ್ಯೂಟರಿನಲ್ಲಿ ಆ ಕೂಸಿನ ಮುಖ ಬೆಳೆಸಿ, ರೇಷ್ಮೆ ಸೀರೆ ಉಡಿಸಿ, ತುಟಿಗೆ ಕೆಂಪು ಬಳಿಸಿ, ಮೈ ಬೆಳ್ಳಗೆ ಮಾಡಿಸಿದ. ಮಾಡಿಕೊಟ್ಟವನು ನವೀನನೇ. ಆ ದಿನ ಅವನಿಗೆ ಊಟ ಸೇರಲಿಲ್ಲ. ಸೇರದಿದ್ದರೇನು ಬಂತು, ಮಾಡಿದ್ದನಲ್ಲ!

ಈಗ ಒಂದು ಸಂಬಂಧ ಬಂದಿತ್ತು. ಹುಡುಗನ ಕಡೆಯವರು ಬೆಳಿಗ್ಗೆ ಏಳಕ್ಕೆ ಸೈಟ್ ನೋಡಿ ಹೌದೋ ಅಲ್ಲವೋ ಹೇಳುವವರಿದ್ದರು. ಅಷ್ಟರೊಳಗೆ ಸರಿಯಾಗದಿದ್ದರೆ ಅದೂ ಹೋಯಿತು, ಆಟಿಯೂ ಮುಗಿಯಿತು. ಮತ್ತೆ ಒಂದು ವರ್ಷ.

ನವೀನ ಕುರ್ಲಾ ಲೋಕಲ್ ರೈಲು ಹಿಡಿದ. ಸರ್ವರುಗಳಿಗೆ ಹೊರಗಿನಿಂದ ಕೈ ಹಾಕಲು ಬರುತ್ತಿರಲಿಲ್ಲ, ಆಫೀಸಿಗೇ ಹೋಗಬೇಕು. ಆ ಕೋಣೆಯೋ, ದೇವರೇ... ಕಿಟಕಿಯ ಕೆಳಗೇ ಕೊಳಚೆ ನಾಲೆ, ಮೂಲೆಯಲ್ಲಿ ಯಾರೋ ಗುಟ್ಕಾ ಉಗಿದ ಗೋಡೆ, ಎಲ್ಲೋ ಸತ್ತ ಇಲಿ. ನಡುವೆ ಎರಡು ಯಂತ್ರ ಗುಂಯ್... ಅನ್ನುತ್ತಿದ್ದವು.

ನಿಮಗೆ ಗೊತ್ತಾಗೋ ಹಾಗೆ ಹೇಳ್ತೀನಿ. ಒಂದು ಸರ್ವರು ಬಾಗಿಲಲ್ಲಿ ಇರುತ್ತದೆ, ಬಂದವರನ್ನು ಒಳಕ್ಕೆ ಬಿಡುತ್ತದೆ. ಇನ್ನೊಂದು ಒಳಗೆ, ಕೆಲಸವೆಲ್ಲ ಅದರದು. ಯಾರು ಬಂದರು ಅಂತ ಗುರುತಿಗೆ ಒಳಗಿನದು ಪ್ರತಿಯೊಬ್ಬರಿಗೂ ಒಂದು ಕುಕಿ ಕೊಡುತ್ತದೆ. ಗುಡಿ ಮುಂದೆ ಚಪ್ಪಲಿ ಬಿಟ್ಟರೆ ಕೊಡುವ ಬಿಲ್ಲೆ ಇದ್ದ ಹಾಗೆ. ಬಾಗಿಲಿನ ಸರ್ವರಿಗೆ ಪದೇ ಪದೇ ಒಳಗೆ ಕೇಳುವುದು ಬೇಡ ಅಂತ, ಒಮ್ಮೆ ಬಂದ ಪುಟವನ್ನು ಇಟ್ಟುಕೊಂಡು ಎಲ್ಲರಿಗೂ ಅದನ್ನೇ ಹಂಚಲು ಕಲಿಸಿದ್ದರು. ಪುಟದ ಜೊತೆ ಅದು ಬಿಲ್ಲೆಯನ್ನೂ ಇಟ್ಟುಕೊಂಡಿತ್ತು. ಶ್ರಾವ್ಯಾಳ ಬಿಲ್ಲೆ. ಬಂದವರಿಗೆಲ್ಲ ಅದನ್ನೇ ಕೊಡುತ್ತಿತ್ತು.

ತಪ್ಪು ಸಿಕ್ಕಿತು ಅಂತ ನವೀನನಿಗೆ ಜೀವ ಬಂದ ಹಾಗಾಯಿತು. ಬಿಲ್ಲೆ ಇರುವ ಪುಟ ಇಟ್ಟುಕೊಳ್ಳಬೇಡ ಅಂತ ಬರೆದ. ಇಟ್ಟುಕೊಂಡದ್ದನ್ನೆಲ್ಲ ಅಳಿಸಿದ. ಎರಡೂ ಸರ್ವರು ಆರಿಸಿ ಮತ್ತೆ ಹಚ್ಚಿದ. ಈಗ ಒಳಗೆ ಯಾರೂ ಇರಬಾರದು. ಪರದೆ ನೋಡಿದ.

ಒಳಗಿರುವವರು: 1.

ಯಾರೋ ಆಗಲೇ ಬಂದಿರಬೇಕು ಅಂತ ಹೊರಗಿನ ನೆಟ್ ಕೇಬಲ್ಲನ್ನೇ ಕಿತ್ತ. ಟಕ್. ಈಗ ಇಡೀ ಊರಿಗೂ ಆ ಕೋಣೆಗೂ ಸಂಬಂಧವೇ ಇಲ್ಲ. ಆದರೂ 1. ಡಿಸ್ಕು ಕಿರ್ರ್... ಟಿಕ್. ಕಿರ್ರ್... ಟಿಕ್. ಯಾರು ಏನು ಕೇಳಿದರು ಅಂತ ಸರ್ವರು ಸಾಲು ಸಾಲಾಗಿ ಬರೆದಿಡುತ್ತದೆ. ನವೀನ ಅದನ್ನು ತೆರೆದ. ಕಣ್ಣೆದುರೇ ಒಂದು ಸಾಲು ಬಂತು.

ಶ್ರಾವ್ಯಾ. ಫೋಟೋ ಬದಲಿಸು. ಅನುಮತಿ ಇಲ್ಲ.

ಮತ್ತೆ ಕಿರ್ರ್... ಟಿಕ್.

ಶ್ರಾವ್ಯಾ. ಫೋಟೋ ಬದಲಿಸು. ಅನುಮತಿ ಇಲ್ಲ.

ಮೇಲಕ್ಕೆ ಎಳೆದು ನೋಡಿದ. ಆ ಸೀರೆಯ ಫೋಟೋ ಏರಿಸಿದ ದಿನದಿಂದ ಶುರು. ಸಾವಿರಾರು ಸಾಲು. ಹಗಲಿಲ್ಲ, ರಾತ್ರಿಯಿಲ್ಲ. ಸತ್ತವರ ಫೋಟೋ ಕಾಶಿನಾಥ ಬಿಟ್ಟು ಬೇರೆ ಯಾರೂ ಬದಲಿಸಬಾರದು ಅಂತ ನಿಯಮ ಹಾಕಿದ್ದವನೂ ನವೀನನೇ.

ಅದನ್ನು ಓದುತ್ತಿರುವಾಗಲೇ ಪೂವಪ್ಪನವರ ಫೋನು. ಪಿಸುಗುಟ್ಟುತ್ತಿದ್ದರು, ಪಕ್ಕದಲ್ಲಿ ಹೆಂಡತಿ ಮಲಗಿದ್ದಳೋ ಏನೋ.

"ನಿದ್ದೆ ಬರೂದಿಲ್ಲ ಮಾರ್ರೆ. ಬೆಳಿಗ್ಗೆಗೆ ಸರಿ ಆಗ್ತದಲ್ಲ?"

"ಆಗತೈತ್ರಿ." ನವೀನನೂ ದನಿ ತಗ್ಗಿಸಿದ. "ಪೂವಪ್ಪಣ್ಣ... ಸೈಟಿನಾಗ ಮಗಳ ಫೋಟೋ ನೋಡೀರೇನ್ರಿ?"

"ನಂಗೆ ಆ ಮೊಬೈಲೆಲ್ಲ ಗೊತ್ತಿಲ್ಲ. ನಾನು ಕೊಟ್ಟದ್ದು ಉಂಟಲ್ಲ, ಅದೇ ಅಲ್ವಾ?"

ನವೀನನಿಗೆ ಹೇಸಿಗೆ ಆಯಿತು. ಇಲಿಯ ನಾತಕ್ಕಲ್ಲ. ಆ ತುಟಿಗೆ ಕೆಂಪು ಬಳಿದ ತನ್ನ ಕೈಬೆರಳು ನೋಡಿಕೊಂಡು. ಎಂಥಾ ಹೊಲಸು ಕೆಲಸ ಮಾಡಿದೆ ಅನಿಸಿತು ಅವನಿಗೆ.

"ಅದೇ ಇರ್ತೈತ್ರಿ," ಅಂದ.

ಕಾಶಿನಾಥನಿಗೆ ಫೋನು ಮಾಡಿದ. "ಫೋಟೋ ಮುಟ್ಟಬೇಡ," ಅಂದ ಅವನು ನಿದ್ದೆಗಣ್ಣಲ್ಲಿ. "ಆ ಫೋಟೋ ನೋಡೇ ಅವರು ಮುಂದೆ ಬಂದದ್ದು. ಮುಟ್ಟಿದರೆ ನಾಳೆಯಿಂದ ಬರಬೇಡ."

ನವೀನ ಫೋನು ಕೆಳಗಿಟ್ಟ. ಫೋಟೋ ಮುಟ್ಟಲಿಲ್ಲ. ನಿಯಮ ಮಾತ್ರ ಅಳಿಸಿದ. ಆಮೇಲೆ ಖಾಲಿ ಕೋಣೆಗೆ, ಹುಚ್ಚನ ಹಾಗೆ, ಮೆಲ್ಲಗೆ ಹೇಳಿದ: "ಆತವ್ವಾ. ಈಗ ಮಾಡ್ಕೋ."

ಗುಂಯ್... ಅನ್ನುವುದು ಒಂದು ಗಳಿಗೆ ನಿಂತಿತು. ನಾಲೆಯ ಸಪ್ಪಳವೂ ಕೇಳಲಿಲ್ಲ ಅಂತಾನೆ. ಟಿಕ್.

ಶ್ರಾವ್ಯಾ. ಫೋಟೋ ಬದಲಿಸು. ಆಯಿತು.

ಶ್ರಾವ್ಯಾ. ಲಾಗೌಟ್.

ಒಳಗಿರುವವರು: 0.

ಪುಟ ತೆರೆದು ನೋಡಿದರೆ ಸೀರೆ ಇಲ್ಲ, ಬಣ್ಣ ಇಲ್ಲ. ಫ್ರಾಕು ಹಾಕಿದ ಸಣ್ಣ ಕಪ್ಪು ಕೂಸು, ಮುಂದಿನ ಹಲ್ಲಿಲ್ಲದ ಬಾಯಿ ಬಿಟ್ಟು ನಗುತ್ತಿತ್ತು. ಹಳೇ ಫೋಟೋ ವಾಪಸ್ ಬಂತು ಅಂದುಕೊಂಡ ನವೀನ. ಕೇಬಲ್ ಸಿಕ್ಕಿಸಿ, ಕುರ್ಚಿಯಲ್ಲೇ ಕೂತು ಬೆಳಗು ಮಾಡಿದ.

ಏಳು ಗಂಟೆಗೆ ಹುಡುಗನ ಕಡೆಯವರು ನೋಡಿದರು. ಒಪ್ಪಿದರು. ಹುಡುಗನ ತಾಯಿ ಫೋನು ಮಾಡಿ ಅತ್ತಳಂತೆ. "ನಮ್ಮವನಿಗೂ ಏಳೇ ವರ್ಷ ಆಗಿತ್ತು. ಆ ಸೀರೆಯ ಹೆಂಗಸಿಗೆ ನಮ್ಮ ಕೂಸನ್ನು ಹೇಗೆ ಕೊಡುವುದು ಅಂತ ಭಯ ಆಗಿತ್ತು." ಕಾಶಿನಾಥ ಬಂದು ಬಾಯಿಗೆ ಬಂದ ಹಾಗೆ ಬೈದ, ನವೀನನನ್ನು ಕೆಲಸದಿಂದ ತೆಗೆದ. ಸಂಬಂಧ ಕೂಡಿಸಿದ್ದು ತಾನೇ ಅಂತ ಇವತ್ತಿಗೂ ಹೇಳಿಕೊಂಡು ತಿರುಗುತ್ತಾನೆ, ನಾಚಿಕೆ ಬಿಟ್ಟವನು.

ನವೀನ ಸೀದಾ ದಾದರಿನ ಆ ಹೋಟೆಲಿಗೆ ಹೋದ. ಸುದ್ದಿ ಹೇಳಿ, ಮೊಬೈಲಿನಲ್ಲಿ ಮಗಳ ಪುಟ ತೆರೆದು ಪೂವಪ್ಪನವರ ಕೈಗೆ ಕೊಟ್ಟ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಅವರು ಕೇಳಿದ್ದನ್ನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡವನು ನಾನು. ಆ ದಿನ ಬೆಳಿಗ್ಗೆ ಅಲ್ಲೇ ಚಹಾ ಕುಡಿಯುತ್ತಿದ್ದೆ. ಸುಳ್ಳು ಹೇಳಿ ನನಗೇನೂ ಆಗಬೇಕಾದ್ದಿಲ್ಲ.

"ಇದು ಎಲ್ಲಿ ಸಿಕ್ಕಿತು ಮಾರ್ರೆ ನಿಮಗೆ?" ಅಂದರು ಪೂವಪ್ಪ. "ಅವಳ ಮುಂದಿನ ಹಲ್ಲು ಬಿದ್ದದ್ದು ಆಸ್ಪತ್ರೆಯಲ್ಲಿ, ಕೊನೆಯ ದಿನ. ಆಮೇಲೆ ನಾವು ಯಾರೂ ಫೋಟೋ ತೆಗೀಲಿಲ್ಲ."