ರೋಷನಬಿ ಅಕ್ಕೋರ ಸಹಿ ಇದ್ದ ಅರ್ಜಿಯ ಬಗ್ಗೆ

ನಾನು ಗೌರಿ ಕೋಂ ಬಸವರಾಜ ಹೊಸಮನಿ, ವಯಸ್ಸು 36 ವರ್ಷ, ಉದ್ಯೋಗ: ಶಿಶುಪಾಲನಾ ಕೇಂದ್ರದಲ್ಲಿ ಕೆಲಸ, ಸ್ವಂತ ಊರು ಸಿಂದಗಿ, ಸದ್ಯ ವಾಸ: ಕೈಗಾರಿಕಾ ವಸಾಹತಿನ ಹಿಂದಿನ ಚಾಳ, ಕುಂಕಳ್ಳಿ, ಗೋವಾ. ಠಾಣೆಗೆ ಕರೆಸಿ ವಿಚಾರಿಸಿದ್ದರಿಂದ, ಕನ್ನಡ ಬಲ್ಲ ಹವಾಲ್ದಾರರ ಮುಂದೆ ಹೇಳಿ ಬರೆಸುವುದೇನೆಂದರೆ,

2013ರಲ್ಲಿ ನಾನು ಮೀನು ಪ್ಯಾಕಿಂಗ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದೆ. ಕಾರ್ಖಾನೆ ಗೇಟಿನಿಂದ 400 ಮೀಟರ್ ದೂರದ ತಗಡಿನ ಶೆಡ್ಡಿನಲ್ಲಿ ರೋಷನಬಿ ಎಂಬುವರು ಕೂಲಿಕಾರರ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ ನಡೆಸುತ್ತಿದ್ದರು. ಅವರನ್ನು ಎಲ್ಲರೂ ಅಕ್ಕೋರು ಎನ್ನುತ್ತಿದ್ದೆವು. ನನ್ನ ಎಂಟು ತಿಂಗಳ ಮಗಳನ್ನು ಬೆಳಿಗ್ಗೆ 7.45ಕ್ಕೆ ಅಲ್ಲಿ ಬಿಟ್ಟು ಸಂಜೆ 5.30ಕ್ಕೆ ಕರೆತರುತ್ತಿದ್ದೆ. ಅಕ್ಕೋರು ನನ್ನ ಕೈಗೆ ನಿಂಬೆಸಿಪ್ಪೆ ತಿಕ್ಕಿಸಿ, ಮೀನಿನ ವಾಸನೆ ಹೋದ ಮೇಲೆಯೇ ಕೂಸನ್ನು ಕೊಡುತ್ತಿದ್ದರು. ನಾನು ಪಿಯುಸಿ ಓದಿದ್ದು ತಿಳಿದು 2016ರಲ್ಲಿ ನನ್ನನ್ನು ಕೇಂದ್ರದಲ್ಲಿಯೇ ಕೆಲಸಕ್ಕೆ ಇಟ್ಟುಕೊಂಡರು.

ಕೇಂದ್ರವು ಧಾರವಾಡದ ಒಂದು ದತ್ತಿ ಸಂಸ್ಥೆಯ ಅನುದಾನದಿಂದ ನಡೆಯುತ್ತದೆ. ಎರಡು ವರ್ಷಕ್ಕೊಮ್ಮೆ ಅರ್ಜಿ ಹಾಕಬೇಕು. 2019ರಿಂದ ಅದನ್ನು ಸಾಫ್ಟ್‌ವೇರಿನಲ್ಲಿ ತುಂಬಬೇಕಾಯಿತು. ಅಕ್ಕೋರು ಕಾಲಿನಿಂದ ತೊಟ್ಟಿಲು ತೂಗುತ್ತಾ ಹೇಳಿದರು, ನಾನು ಟೈಪ್ ಮಾಡಿದೆ. ಫಾರ್ಮಿನಲ್ಲಿದ್ದಂತೆ ‘ಫಲಾನುಭವಿಗಳು’ ಎಂದು ಬರೆದಾಗ ಅವರು, “ಅದನ್ನ ಅಳಿಸವಾ ಗೌರಿ. ನಮ್ಮಲ್ಲಿ ಇರೋವು ಕೂಸು. ಕೂಸು ಅಂತನ ಬರಿ” ಎಂದರು. ಆ ಅರ್ಜಿಯನ್ನು ಟೆಂಪ್ಲೇಟ್ ಆಗಿ ಉಳಿಸಿದೆವು. ಹಾಗೆ ಉಳಿಸಿದರೆ ಮುಂದಿನ ಅರ್ಜಿಗೆ ಹಳೆಯ ಬರಹ, ಅರ್ಜಿದಾರರ ಹೆಸರು, ಸಹಿಯ ಚಿತ್ರ ಎಲ್ಲ ತಾವಾಗಿಯೇ ಬಂದು ಕೂರುತ್ತವೆ. ಬದಲಾದದ್ದನ್ನು ಮಾತ್ರ ತಿದ್ದಬೇಕು.

ದಿನಾಂಕ 11-08-2023ರಂದು ಅಕ್ಕೋರು ಕಾಯಿಲೆಯಿಂದ ತೀರಿಕೊಂಡರು. ಆ ವರ್ಷದ ಅರ್ಜಿ ಅವರಿದ್ದಾಗಲೇ ಹೋಗಿತ್ತು. ಸಂಸ್ಥೆಗೆ ತಿಳಿಸಬೇಕಿತ್ತು, ತಿಳಿಸಲಿಲ್ಲ. ಅಂದಿನಿಂದ ಕೇಂದ್ರವನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ.

ದಿನಾಂಕ 14-10-2025ರಂದು ಮಧ್ಯಾಹ್ನ 2.10ಕ್ಕೆ, ಮಕ್ಕಳು ಮಲಗಿದ್ದಾಗ, ಟೆಂಪ್ಲೇಟ್ ತೆರೆದೆ. ಮಕ್ಕಳ ಸಂಖ್ಯೆ 22 ಇದ್ದದ್ದನ್ನು 31 ಮಾಡಿದೆ. ‘ಅತ್ತ ಕೂಸನ್ನು ಮೊದಲು ಎತ್ತಿಕೊಳ್ಳುತ್ತೇವೆ, ಯಾಕೆ ಅತ್ತಿತೆಂದು ಆಮೇಲೆ ನೋಡುತ್ತೇವೆ’ ಎಂಬ ಸಾಲು ಅಕ್ಕೋರದೇ. ಅಂಥ ಸಾಲುಗಳನ್ನು ಸುಮಾರು 40 ನಿಮಿಷ ಓದುತ್ತಾ ಕುಳಿತೆ. ಅರ್ಜಿದಾರರ ಹೆಸರು ಬದಲಿಸಬೇಕೇ ಎಂದು ಸಾಫ್ಟ್‌ವೇರ್ ಕೇಳಿತು. ಬೇಡ ಎಂದು ಒತ್ತಿದೆ. ಕಳಿಸುವ ಮುನ್ನ ಮತ್ತೊಮ್ಮೆ ಕೇಳಿತು. ಆಗಲೂ ಬೇಡ ಎಂದೇ ಒತ್ತಿ ಕಳಿಸಿದೆ. ಕಣ್ತಪ್ಪಿನಿಂದ ಆಯಿತೆಂದು ಹೇಳಿದರೆ ಸುಳ್ಳಾಗುತ್ತದೆ.

ದಿನಾಂಕ 03-11-2025ರಂದು ಬೆಳಿಗ್ಗೆ 11.20ಕ್ಕೆ ಸಂಸ್ಥೆಯ ಅಧಿಕಾರಿ ಗೀತಾಂಜಲಿ ಅವರು ತಪಾಸಣೆಗೆ ಬಂದು, ರೋಷನಬಿಯವರನ್ನು ಕರೆಯಲು ಹೇಳಿದರು. ಅವರು ಹೋಗಿ ಎರಡು ವರ್ಷವಾಯಿತು ಎಂದೆ. ಎಲ್ಲಿಗೆ ಹೋದರು ಎಂದು ಕೇಳಿದರು. ಅಡುಗೆಯ ಹುಲಿಗೆವ್ವ, “ತೀರಿಕೊಂಡಾರ್ರಿ” ಎಂದಳು. ಗೀತಾಂಜಲಿಯವರು ಮೊಬೈಲಿನಲ್ಲಿ ಅರ್ಜಿಯ ಸಹಿ ತೋರಿಸಿ, ಸತ್ತವರ ಸಹಿ ಹಾಕುವುದು ಅಪರಾಧ, ಕೇಂದ್ರವೂ ಮುಚ್ಚಬಹುದು ಎಂದು ಹೇಳಿ ಹೋಗಿ ಠಾಣೆಯಲ್ಲಿ ದೂರು ಕೊಟ್ಟಿರುತ್ತಾರೆ.

ಈ ದಿನ ಬೆಳಿಗ್ಗೆ 10.30ಕ್ಕೆ ಗೀತಾಂಜಲಿಯವರ ಎದುರಿಗೇ ಇದನ್ನೆಲ್ಲ ಹೇಳಿದೆ. ಮೋಸ ಮಾಡುವ ಉದ್ದೇಶವಿತ್ತೇ ಎಂದು ಠಾಣೆಯ ಸಾಹೇಬರು ಕೇಳಿದರು. “ಇಲ್ರಿ ಸಾಹೇಬ್ರ. ಅವರ ಹೆಸರು ಅಳಿಸಿ, ಅವರ ಜಾಗಾದಾಗ ನನ್ನ ಹೆಸರು ಬರೀಬೇಕಿತ್ತು. ಕೈ ಬರಲಿಲ್ರಿ” ಎಂದೆ. ಗೀತಾಂಜಲಿಯವರು ಮೊಬೈಲಿನಲ್ಲಿ ಅರ್ಜಿಯನ್ನು ಮತ್ತೊಮ್ಮೆ ಓದಿದರು. ನಂತರ, ಆ ಅರ್ಜಿ ರದ್ದುಮಾಡಿ ನನ್ನ ಸಹಿಯಿಂದ ಹೊಸದು ಕೊಟ್ಟರೆ ದೂರು ಹಿಂತೆಗೆದುಕೊಳ್ಳುವುದಾಗಿಯೂ, ಅಕ್ಕೋರು ಬರೆಸಿದ ಸಾಲುಗಳನ್ನು ತೆಗೆಯಬೇಕಿಲ್ಲವೆಂದೂ ಹೇಳಿದರು. 11.50ಕ್ಕೆ ಠಾಣೆಯ ಮೇಜಿನ ಮೇಲೆಯೇ ಟೆಂಪ್ಲೇಟ್ ತೆರೆದು, ಅರ್ಜಿದಾರರು ಎಂಬಲ್ಲಿ ನನ್ನ ಹೆಸರು ಹಾಕಿದೆ. ಸಂಸ್ಥಾಪಕರು ಎಂಬಲ್ಲಿ ಅಕ್ಕೋರ ಹೆಸರಿನ ಹಿಂದೆ ‘ದಿವಂಗತ’ ಎಂದು ಬರೆದೆ. ಈ ಎರಡು ವರ್ಷದಲ್ಲಿ ನಾನು ಹಾಗೆ ಬರೆದದ್ದು ಇದೇ ಮೊದಲು.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿರುತ್ತಾರೆ. ಎಲ್ಲವೂ ನಾನು ಹೇಳಿದಂತೆಯೇ ಇದೆ, ಖರೇ ಇದೆ.

ಸ್ಥಳ: ಕುಂಕಳ್ಳಿ
ದಿನಾಂಕ: 06-11-2025
ಸಹಿ: ಗೌರಿ ಬ. ಹೊಸಮನಿ